ಕಪ್ಪಾಗಬಾರದ ಬಾಟಲಿ

ಕೆಳಮನೆಯ ಅಕ್ಕನ ಬಾವಿಯನ್ನು ಮುಚ್ಚುತ್ತಾರೆ ಎಂದು ನನಗೆ ಗೊತ್ತಾದದ್ದು ಕಂಪೌಂಡು ಗೋಡೆಯ ಮೇಲಿಂದ. ಚೌತಿ ಕಳೆದ ವಾರ. ನಾನು ಬಟ್ಟೆ ಒಣಗಿಸುತ್ತಿದ್ದೆ. ಕೆಳಗೆ ಅವರ ಮಗ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದು ಬಾವಿಕಟ್ಟೆಯ ಸುತ್ತ ಅಳತೆಯ ಟೇಪು ಹಿಡಿಸುತ್ತಿದ್ದ. ಟೇಪು ಹಿಡಿದವರು ಬಾವಿಗೆ ಒಳ್ಳೆಯದು ಮಾಡಲು ಬಂದಿರುವುದಿಲ್ಲ ಎಂದು ನನಗೆ ಅನುಭವದಿಂದ ಗೊತ್ತು. ಕೆಲವು ವರ್ಷಗಳ ಹಿಂದೆ ನಮ್ಮ ಅಂಗಳದ ಬಾವಿಗೂ ಹೀಗೆಯೇ ಟೇಪು ಹಿಡಿದಿದ್ದರು. ಹಿಡಿಸಿದವಳು ನಾನೇ. ನಳ್ಳಿ ನೀರು ಬಂತು, ಇನ್ನು ಬಾವಿ ಯಾಕೆ ಎಂದು ಸ್ಲ್ಯಾಬ್ ಹಾಕಿಸಿ ಅದರ ಮೇಲೆ ಕಾರು ನಿಲ್ಲಿಸಿದೆವು. ಮುಂದಿನ ಎಪ್ರಿಲಿನಲ್ಲಿ ನಳ್ಳಿ ಮೂರು ದಿನಕ್ಕೊಮ್ಮೆ ಬರತೊಡಗಿದಾಗ, ನಮ್ಮದೇ ಕಾರಿನ ಕೆಳಗೆ ನೀರಿದೆ ಎಂದು ಗೊತ್ತಿದ್ದೂ ಬಕೆಟ್ ಹಿಡಿದು ಅಕ್ಕನ ಬಾವಿಗೆ ಹೋದೆ. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ನಮ್ಮೆರಡು ಮನೆಗಳು ಮಣಿಪಾಲದ ಗುಡ್ಡ ಇಳಿದು ಉಡುಪಿಗೆ ಸೇರುವ ಇಳಿಜಾರಿನಲ್ಲಿವೆ, ಒಂದರ ಕೆಳಗೊಂದು. ಹಿತ್ತಲಿಗೆ ತಾಗಿ ತೋಡು ಹರಿಯುತ್ತದೆ. ಹೊಳೆ ಎಂದು ಕರೆಯುವಷ್ಟು ದೊಡ್ಡದಲ್ಲ, ಚರಂಡಿ ಎನ್ನಲು ನಮಗೆ ಬಾಯಿ ಬರುವುದಿಲ್ಲ. ಗುಡ್ಡದ ಮೇಲಿನ ಫ್ಲ್ಯಾಟು, ಮೆಸ್ಸು, ಮನೆ, ಗ್ಯಾರೇಜುಗಳ ನೀರೆಲ್ಲ ಹೇಗಾದರೂ ದಾರಿ ಮಾಡಿಕೊಂಡು ಇದಕ್ಕೇ ಬಂದು ಸೇರುತ್ತದೆ. ಅಕ್ಕನ ಬಾವಿ ತೋಡಿನಿಂದ ಹತ್ತು ಹೆಜ್ಜೆ. ನಮ್ಮ ಕಡೆಯ ನೆಲದ ಕೆಂಪು ಮುರಕಲ್ಲು ಮೈತುಂಬ ತೂತು. ತೋಡಿನಲ್ಲಿ ಹರಿದದ್ದು ಬಾವಿಗೂ ಒಸರುತ್ತದೆ. ಆ ಚೌತಿಗೆ ಮೊದಲು, ಆಟಿ ತಿಂಗಳ ಮಳೆಯಲ್ಲಿ, ಅಕ್ಕನ ಮೊಮ್ಮಗಳು, ನಾಲ್ಕು ವರ್ಷದ ಹುಡುಗಿ, ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದ್ದಳು. ಮೂರು ದಿನ ಗ್ಲೂಕೋಸು ಹಾಕಿಸಿಕೊಂಡು ಬಂದಳು. ಅವಳ ಅಪ್ಪನಿಗೆ ಅಂದಿನಿಂದ ಬಾವಿ ಕಂಡರೆ ಹೆದರಿಕೆ. ಆ ಹೆದರಿಕೆಯಲ್ಲಿ ತಪ್ಪೇನೂ ಇರಲಿಲ್ಲ.

ಆದರೂ ನಾನು ಗೋಡೆಯ ಮೇಲಿಂದ ಕೂಗಿದೆ. ಕೂಗುವುದು ನನ್ನ ಸ್ವಭಾವ. ಮೂವತ್ತು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಊರವರ ರಕ್ತ, ಮೂತ್ರ, ಮಲ ಪರೀಕ್ಷೆ ಮಾಡಿ ನಿವೃತ್ತಳಾದವಳು ನಾನು. ಪರೀಕ್ಷೆಯಿಲ್ಲದೆ ಯಾರಾದರೂ ತೀರ್ಪು ಕೊಟ್ಟರೆ ನನಗೆ ಮೈಯೆಲ್ಲ ಉರಿಯುತ್ತದೆ.

“ಏ, ಎಂತ ಮಾಡ್ತಾ ಇದ್ದೀರಿ ಅಲ್ಲಿ? ನೀರು ಟೆಸ್ಟ್ ಮಾಡಿಸಿದ್ದೀರಾ?”

“ಎಂತ ಟೆಸ್ಟ್ ಮಾಡಿಸುದು ಚಿಕ್ಕಮ್ಮ, ಮಗು ಮಲಗಿದ್ದು ಸಾಲದಾ?” ಎಂದ ಅವನು. “ಸ್ಲ್ಯಾಬ್ ಹಾಕಿದ್ರೆ ಕಾರಿಗೂ ಜಾಗ ಆಯ್ತು.”

ಅಕ್ಕ ರಾಟೆಯ ಕಂಬ ಹಿಡಿದು ನಿಂತಿದ್ದರು. ಕಾರ್ಕಳದಿಂದ ಮದುವೆಯಾಗಿ ಬಂದ ದಿನ ಅತ್ತೆ ಅವರ ಕೈಗೆ ಮೊದಲು ಕೊಟ್ಟದ್ದು ಈ ಬಾವಿಯ ಹಗ್ಗವಂತೆ. ಅಂದಿನಿಂದ ಐವತ್ತು ವರ್ಷ, ದೀಪಾವಳಿಗೆ ನೀರು ತುಂಬುವ ಸಂಜೆಯನ್ನು ಅವರು ಒಮ್ಮೆಯೂ ತಪ್ಪಿಸಿದವರಲ್ಲ. ಚತುರ್ದಶಿಯ ಹಿಂದಿನ ಸಂಜೆ ಬಾವಿಕಟ್ಟೆ ತೊಳೆದು, ಹಂಡೆಯ ಕುತ್ತಿಗೆಗೆ ಬಳ್ಳಿ ಸುತ್ತಿ, ಮರುದಿನದ ಎಣ್ಣೆಸ್ನಾನಕ್ಕೆ ಕೊಡದಿಂದ ನೀರೆಳೆದು ತುಂಬುತ್ತಾರಲ್ಲ, ಅದು. ಪೈಪಿನಲ್ಲೂ ತುಂಬಬಹುದಲ್ಲ ಎಂದು ಸೊಸೆ ಒಮ್ಮೆ ಹೇಳಿದ್ದಕ್ಕೆ ಅಕ್ಕ, “ಪೈಪಿನದ್ದು ಬರೀ ಬೀಳುದು, ಅದಕ್ಕೆ ತುಂಬುದು ಅಂತ ಹೇಳ್ಲಿಕ್ಕೆ ಆಗ್ತದಾ?” ಎಂದಿದ್ದರು. ಈಗ ಮಗನ ಮುಂದೆ ಅವರು ಕಂಬವನ್ನೇ ಹಿಡಿದುಕೊಂಡಿದ್ದರು. ಮಗುವಿನ ಮಾತು ಬಂದ ಮೇಲೆ ಅಜ್ಜಿ ಎಂತ ಹೇಳಿಯಾಳು?

ನಾನು ಪರೀಕ್ಷೆಯ ಬಾಟಲಿ ತಂದೆ. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಾಟಲಿ, ಒಳಗೊಂದು ಔಷಧಿಯ ಕಾಗದ. ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿ ಎರಡು ದಿನ ಇಡಬೇಕು. ಮಲದಿಂದ ಬರುವ ಬ್ಯಾಕ್ಟೀರಿಯಾ ನೀರಿನಲ್ಲಿದ್ದರೆ ಅದು ಕಪ್ಪಾಗುತ್ತದೆ, ಇಲ್ಲದಿದ್ದರೆ ಇಲ್ಲ. ಅಕ್ಕನ ಬಾವಿಯ ನೀರು ಎರಡು ದಿನ ಕಾಯಲಿಲ್ಲ. ಮರುದಿನ ಮಧ್ಯಾಹ್ನಕ್ಕೇ ಕಾಡಿಗೆಯಷ್ಟು ಕಪ್ಪಾಗಿತ್ತು. ಅಷ್ಟು ದೊಡ್ಡ ಸ್ವರದಲ್ಲಿ ಕೂಗಿದ್ದ ನನ್ನ ಮುಖವೂ ಹೆಚ್ಚು ಕಡಿಮೆ ಅದೇ ಬಣ್ಣಕ್ಕೆ ಬಂತು.

“ನೋಡಿದ್ರಾ?” ಎಂದ ಮಗ.

“ನೋಡಿದೆ. ಕೆಟ್ಟದ್ದನ್ನು ಸರಿ ಮಾಡ್ಲಿಕ್ಕೂ ಆಗ್ತದೆ. ಸ್ವಲ್ಪ ಸಮಯ ಕೊಡು ಮಾರಾಯ.”

ಅವನು ಒರಟನಲ್ಲ. ತಾಯಿಯ ಮುಖ ನೋಡಿ ಒಪ್ಪಿದ. ನೀರು ತುಂಬುವ ದಿನದವರೆಗೆ ಸಮಯ. ಅಂದು ಬಾಟಲಿ ಕಪ್ಪಾಗದಿದ್ದರೆ ಬಾವಿ ಇರುತ್ತದೆ. ಕಪ್ಪಾದರೆ ಹಬ್ಬ ಮುಗಿದ ವಾರವೇ ಸ್ಲ್ಯಾಬ್; ಮತ್ತೆ ಯಾರೂ ಗೋಡೆಯ ಮೇಲಿಂದ ಕೂಗಲಿಕ್ಕಿಲ್ಲ. ಅಲ್ಲಿಯವರೆಗೆ ಮನೆಮಂದಿಗೆ ಕುಡಿಯಲು ನಳ್ಳಿ ನೀರು, ಅದನ್ನೂ ಕುದಿಸಿಯೇ.

ತೋಡು ಎಲ್ಲಿ ಕೆಡುತ್ತದೆ ಎಂದು ತಿಳಿಯಬೇಕಾದರೆ ಅದರ ಜೊತೆ ಮೇಲಕ್ಕೆ ನಡೆಯಬೇಕು. ನಾನೂ ಅಕ್ಕನೂ ಮರುದಿನದಿಂದ ಅದನ್ನೇ ಮಾಡಿದೆವು. ಅರುವತ್ತು ದಾಟಿದ ನಾನು ಗಂಡನ ರಬ್ಬರ್ ಬೂಟು ಹಾಕಿಕೊಂಡಿದ್ದೆ. ಎಪ್ಪತ್ತು ದಾಟಿದ ಅಕ್ಕ ಸೀರೆ ಎತ್ತಿ ಕಟ್ಟಿ, ದೊಡ್ಡ ಕೊಡೆಯನ್ನು ಊರುಗೋಲು ಮಾಡಿಕೊಂಡಿದ್ದರು. ಪ್ರತಿ ಮೋರಿಯಲ್ಲಿ ನಿಂತು ಎರಡು ಬಾಟಲಿ ನೀರು ತೆಗೆಯುವುದು. ಒಂದು ಕಪ್ಪಾಗುವ ಬಾಟಲಿ. ಇನ್ನೊಂದು ನೀಲಿಯಾಗುವುದು: ನೀರಿನಲ್ಲಿ ರಂಜಕ ಇದ್ದಷ್ಟು ನೀಲಿ ಗಾಢ. ರಂಜಕ ಎಂದರೆ ಗೊಬ್ಬರದಲ್ಲಿ ಇರುವಂಥದ್ದೇ, ಫಾಸ್ಫರಸ್ಸು. ಗದ್ದೆಯಲ್ಲಿ ಪೈರು ಬೆಳೆಸುವ ಅದೇ ವಸ್ತು ತೋಡಿಗೆ ಬಿದ್ದರೆ ಪಾಚಿ ಬೆಳೆಸುತ್ತದೆ. ಪಾಚಿ ಕೊಳೆತು ನೀರು ನಾರುತ್ತದೆ. ಬಾಟಲಿಗಳನ್ನು ಇಡಲು ಅಕ್ಕನ ಅಡಿಗೆಮನೆಯಲ್ಲಿ ಇಡ್ಲಿ ಹಿಟ್ಟು ಹುಳಿ ಬರಿಸುವ ಬೆಚ್ಚಗಿನ ಮೂಲೆಯೇ ಪ್ರಶಸ್ತ ಎಂದು ನಾನು ತೀರ್ಮಾನಿಸಿದೆ. ಸೊಸೆ ಮೂಗು ಮುರಿದಳು. ಆ ಮೇಲೆ ಹಿಟ್ಟನ್ನೇ ಬೇರೆ ಕಡೆಗೆ ಸಾಗಿಸಿದಳು.

ಆ ಒಂದೂವರೆ ತಿಂಗಳು ಎಷ್ಟು ಖುಷಿಯಲ್ಲಿದ್ದೆ ಎಂದು ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ನಿವೃತ್ತಿಯಾದ ಮೇಲೆ ಜಗಳ ಮಾಡಲು ಇಷ್ಟು ಒಳ್ಳೆಯ ಕಾರಣ ನನಗೆ ಸಿಕ್ಕಿರಲಿಲ್ಲ. ಮೊದಲು ಸಿಕ್ಕಿದ್ದು ಒಂದು ಮೆಸ್ಸು. ಪಾತ್ರೆ ತೊಳೆದ ನೀರೆಲ್ಲ ಪೈಪಿನಲ್ಲಿ ನೇರ ತೋಡಿಗೆ, ನೊರೆಯೊಡನೆ, ಅನ್ನದಗುಳಿನೊಡನೆ. ನಾನು ಮೆಸ್ಸಿನ ಯಜಮಾನನಿಗೆ ನೀಲಿ ಬಾಟಲಿ ತೋರಿಸಿ ಕಾಲು ಗಂಟೆ ಭಾಷಣ ಬಿಗಿದೆ. ಅವನ ಮುಖ ಗಂಟಾಯಿತು. ಅಕ್ಕ ಅಷ್ಟು ಹೊತ್ತು ಅವನ ಹಿತ್ತಲನ್ನು ನೋಡುತ್ತಿದ್ದವರು ಮೆಲ್ಲನೆ ಕೇಳಿದರು: “ಬಾಳೆ ಎಂತ ಹೀಗೆ ಒಣಗಿದ್ದು? ನೀರು ಸಾಕಾಗುದಿಲ್ವಾ?”

“ಎಲ್ಲಿ ಸಾಕಾಗ್ತದೆ ಅಮ್ಮ, ಬಾವಿಯೇ ಇಲ್ಲ.”

“ಇಷ್ಟು ನೀರು ಉಂಟಲ್ಲ ನಿಮ್ಮ ಪೈಪಿನಲ್ಲಿ!”

ಎರಡು ದಿನ ಬಿಟ್ಟು ಹೋದಾಗ ಪೈಪು ಬಾಳೆಯ ಬುಡಕ್ಕೆ ತಿರುಗಿತ್ತು. ಎಂಜಲು ಸೋಸಲು ಒಂದು ಜಾಲರಿಯೂ ಬಂದಿತ್ತು. ಅವನು ನನಗೆ ನಮಸ್ಕಾರ ಹಾಕಲಿಲ್ಲ, ಅಕ್ಕನಿಗೆ ಹಾಕಿದ. ಅದರ ಮೇಲಿನ ಗ್ಯಾರೇಜಿನಲ್ಲಿ ಕಾರು ತೊಳೆಯುವ ಸೋಪಿನ ನೀರು. ಅಲ್ಲಿಯೂ ನಾನು ಬೈದೆ, ಅಕ್ಕ ಮಾತಾಡಿದರು. ತೊಳೆಯುವ ಜಾಗವನ್ನು ತೋಡಿನ ಬದಿಯಿಂದ ಇಂಗುಗುಂಡಿಯ ಹತ್ತಿರಕ್ಕೆ ಸಾಗಿಸಿದರು. ಗುಡ್ಡದ ಮೇಲೆ ಒಂದು ಫ್ಲ್ಯಾಟಿನ ಶೌಚದ ಗುಂಡಿ ತುಂಬಿ ಹೊರಗೆ ಹರಿಯುತ್ತಿತ್ತು. ಅಲ್ಲಿ ಮಾತ್ರ ಅಕ್ಕನ ನಯ ನಡೆಯಲಿಲ್ಲ, ನನ್ನ ಗಂಟಲೇ ಬೇಕಾಯಿತು. ಅವರ ಮೀಟಿಂಗಿಗೆ ನುಗ್ಗಿ ಮೇಜಿನ ಮೇಲೆ ಆರು ಕಪ್ಪು ಬಾಟಲಿಗಳನ್ನು ಸಾಲಾಗಿ ಇಟ್ಟು, ಎಲ್ಲಿಂದ ತೆಗೆದದ್ದು ಎಂದು ಒಂದೊಂದನ್ನೂ ಎತ್ತಿ ಹೇಳಿದೆ. ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಆ ವಾರವೇ ಟ್ಯಾಂಕರು ಬಂತು, ಗುಂಡಿ ದುರಸ್ತಿಯಾಯಿತು. ಅಂದು ನಾನೂ ಅಕ್ಕನೂ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದೆವು.

ಅಕ್ಟೋಬರಿನ ನಡುವಿನ ಹೊತ್ತಿಗೆ ಮೇಲಿನ ಮೋರಿಗಳ ನೀಲಿ ತಿಳಿಯಾಗುತ್ತ ಬಂದಿತ್ತು. ನಮ್ಮ ಮನೆಯ ಮೇಲ್ಬದಿಯಲ್ಲಿ ದಾಟಲು ಹಾಕಿದ ಸಣ್ಣ ಸಂಕದವರೆಗೆ ತೋಡು ಒಳ್ಳೆಯದಾಗಿತ್ತು. ತಳದ ಮರಳು ಕಾಣುತ್ತಿತ್ತು. ಅಲ್ಲಿಂದ ಐವತ್ತು ಹೆಜ್ಜೆ ಕೆಳಗೆ, ಅಕ್ಕನ ಹಿತ್ತಲಲ್ಲಿ, ಅದೇ ಹಸಿರು ಪಾಚಿ. ಬಾವಿಯ ಬಾಟಲಿ ಅದೇ ಕಪ್ಪು. ಹಬ್ಬಕ್ಕೆ ಮೂರೂವರೆ ವಾರ ಉಳಿದಿತ್ತು. ಮೇಸ್ತ್ರಿ ಕಬ್ಬಿಣದ ಸರಳು ತಂದು ಅಂಗಳದ ಮೂಲೆಯಲ್ಲಿ ಒರಗಿಸಿಟ್ಟು ಹೋದ. ನಾನು ಆ ಕಡೆಯ ಯಾವುದೋ ಹಳೆಯ ಪೈಪು ಒಡೆದಿರಬೇಕು, ರಸ್ತೆಯವರು ಅಗೆದದ್ದರಿಂದ ಆಗಿರಬೇಕು ಎಂದು ಬೈಯಲು ಜನ ಹುಡುಕುತ್ತಿದ್ದೆ. ಅಕ್ಕ ಯಾಕೋ ನನ್ನ ಜೊತೆ ಬರುವುದನ್ನು ಬಿಟ್ಟರು. ಸುತ್ತಾಟಕ್ಕೆ ಕರೆದರೆ ಕಾಲುನೋವು ಎನ್ನುತ್ತಿದ್ದರು. ಬಾವಿಯ ಆಸೆ ಬಿಟ್ಟರು ಎಂದುಕೊಂಡು ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಒಂದು ಬೆಳಿಗ್ಗೆ ಖಾಲಿ ಬಾಟಲಿ ಹುಡುಕುತ್ತ ಅವರ ಅಡಿಗೆಮನೆಯ ಮೂಲೆಗೆ ಕೈ ಹಾಕಿದೆ. ಅಕ್ಕಿ ಡಬ್ಬದ ಹಿಂದೆ, ಬಟ್ಟೆ ಸುತ್ತಿ ಇಟ್ಟ ನಾಲ್ಕು ಬಾಟಲಿ ಸಿಕ್ಕಿದವು. ಎರಡರ ಮೇಲೆ ಅಕ್ಕನ ದುಂಡು ಅಕ್ಷರದಲ್ಲಿ “ಮೇಲುಮನೆ, ಮೇಲ್ಬದಿ” ಎಂದಿತ್ತು. ಒಂದು ತಿಳಿನೀಲಿ, ಇನ್ನೊಂದು ಕಪ್ಪಾಗಿರಲಿಲ್ಲ. ಉಳಿದೆರಡರ ಮೇಲೆ “ಮೇಲುಮನೆ, ಕೆಳಬದಿ”. ಒಂದು ಶಾಯಿಯಂಥ ನೀಲಿ, ಇನ್ನೊಂದು ಅಪ್ಪಟ ಕಪ್ಪು. ಮೇಲುಮನೆ ಎಂದರೆ ನಮ್ಮ ಮನೆ.

ಅಕ್ಕ ಒಲೆಯ ಕಡೆಯಿಂದ ತಿರುಗಿ ನೋಡಿದರು. ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಇದು ಯಾವಾಗದ್ದು?”

“ಐದು ದಿನ ಆಯ್ತು.”

“ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ಹೇಗೆ ಹೇಳುದು? ನೀವು ನಮಗೋಸ್ಕರ ಇಷ್ಟು ಓಡಾಡಿದ್ದೀರಿ.” ಅವರು ಸೌಟನ್ನು ಕೆಳಗಿಟ್ಟರು. “ಬಾವಿ ಹೋದ್ರೆ ಹೋಯ್ತು. ಬೆಳಿಗ್ಗೆ ಎದ್ರೆ ನಿಮ್ಮ ಮುಖ ನೋಡ್ಲಿಕ್ಕೆ ಉಂಟಲ್ಲ ನನಗೆ.”

ನಾನು ಆಗ ಕರಗಿ ನೀರಾಗಬೇಕಿತ್ತು. ಆಗಲಿಲ್ಲ. ಸಿಟ್ಟೇ ಬಂತು. ನಮ್ಮ ಶೌಚದ ಗುಂಡಿ ಎದುರಿನ ಅಂಗಳದಲ್ಲಿದೆ, ಬಚ್ಚಲ ನೀರು ತೆಂಗಿಗೆ ಹೋಗುತ್ತದೆ, ನಮ್ಮಲ್ಲಿ ನಾಯಿಯೂ ಇಲ್ಲ, ನೀವು ನೀರು ತೆಗೆದ ಕ್ರಮವೇ ಸರಿಯಿಲ್ಲ ಎಂದು ಹೇಳಿ ದಡದಡ ಮನೆಗೆ ಬಂದೆ. ಹಿತ್ತಲಿಗೆ ಹೋಗಿ ತೋಡಿನ ದಂಡೆಯಲ್ಲಿ ನಿಂತೆ. ನನ್ನ ಎದುರಿಗೇ ನನ್ನ ನೀಲಿ ಪ್ಲಾಸ್ಟಿಕ್ ಡ್ರಮ್ ಇತ್ತು.

ನನ್ನ ತವರು ಕಾಪುವಿನ ಹತ್ತಿರ. ಅಲ್ಲಿ ಮಲ್ಲಿಗೆ ಇಲ್ಲದ ಮನೆ ಕಡಿಮೆ. ನಿವೃತ್ತಿಯಾದ ವರ್ಷ ಅಲ್ಲಿಂದ ಹದಿನೆಂಟು ಗಿಡ ತಂದು ತೋಡಿನ ದಂಡೆಯುದ್ದಕ್ಕೂ ನೆಟ್ಟಿದ್ದೆ, ಬಿಸಿಲು ಚೆನ್ನಾಗಿ ಬೀಳುತ್ತದೆಂದು. ಮಲ್ಲಿಗೆಗೆ ಒಂದು ಪಥ್ಯವಿದೆ. ನೆಲಗಡಲೆ ಹಿಂಡಿ ಮತ್ತು ಸೆಗಣಿಯನ್ನು ಡ್ರಮ್ಮಿನಲ್ಲಿ ನೆನೆಹಾಕಿ, ದಿನಗಟ್ಟಲೆ ಕೊಳೆಸಿ, ಗುಳುಗುಳು ಬಂದ ಮೇಲೆ ಬುಡಕ್ಕೆ ಹೊಯ್ಯಬೇಕು. ನನ್ನ ತಾಯಿ ಮಾಡಿದ್ದು ಹಾಗೆ, ನಾನು ಮಾಡಿದ್ದೂ ಹಾಗೆ. ವಾರಕ್ಕೊಮ್ಮೆ ಕೈ ಬಿಚ್ಚಿ ಹೊಯ್ಯುತ್ತಿದ್ದೆ. ಇಳಿಜಾರಿನ ದಂಡೆಯಲ್ಲಿ ಅರ್ಧ ಬುಡಕ್ಕೆ, ಅರ್ಧ ತೋಡಿಗೆ. ಸಾಲದ್ದಕ್ಕೆ ನಾನು ಬಹಳ ಶುದ್ಧದ ಹೆಂಗಸು: ಡ್ರಮ್ ಖಾಲಿಯಾದ ಕೂಡಲೇ ತೋಡಿನ ಅಂಚಿಗೆ ಉರುಳಿಸಿ, ಪೊರಕೆ ಹಾಕಿ ತಿಕ್ಕಿ ಮೂರು ಸಲ ತೊಳೆಯುತ್ತಿದ್ದೆ.

ರಂಜಕವೂ ಅದರಲ್ಲೇ, ಬ್ಯಾಕ್ಟೀರಿಯಾವೂ ಅದರಲ್ಲೇ. ಮೂವತ್ತು ವರ್ಷ ಮಲ ಪರೀಕ್ಷೆ ಮಾಡಿದವಳಿಗೆ ಸೆಗಣಿಯೂ ಮಲವೇ ಎಂದು ಹೊಳೆದಿರಲಿಲ್ಲ! ಸೆಗಣಿ ನಮಗೆ ಅಂಗಳ ಸಾರಿಸುವ ವಸ್ತು, ಶುದ್ಧಿ ಮಾಡುವ ವಸ್ತು. ಗುಡ್ಡದ ಮೇಲಿನವರ ಪೈಪುಗಳನ್ನೆಲ್ಲ ಹುಡುಕಿ ಹುಡುಕಿ ಲೆಕ್ಕಕ್ಕೆ ಹಿಡಿದ ನಾನು, ದಿನಾ ಬೆಳಿಗ್ಗೆ ಹೂ ಕೊಯ್ಯಲು ಹೋಗುವಾಗ ಈ ಡ್ರಮ್ಮನ್ನು ಸುತ್ತು ಹಾಕಿಯೇ ಹೋಗುತ್ತಿದ್ದೆ. ಆ ಮೀಟಿಂಗಿನಲ್ಲಿ ಬಾಟಲಿ ಎತ್ತಿ ಹಿಡಿದು ಮಾಡಿದ ಭಾಷಣ ನೆನಪಾಯಿತು. ಕುಸಿದು ದಂಡೆಯ ಮೇಲೆ ಕೂತೆ. ಮೊದಲು ಮುಖ ಮುಚ್ಚಿಕೊಂಡೆ, ಮತ್ತೆ ನಗು ಬಂತು. ನಿಲ್ಲಿಸಲಾಗದ ನಗು. ಗಂಡ ಪೇಪರು ಹಿಡಿದು ಓಡಿ ಬಂದರು. ವಿಷಯ ಕೇಳಿ ಕನ್ನಡಕ ಸರಿಮಾಡಿಕೊಂಡರು.

“ನಾನು ಎಷ್ಟು ವರ್ಷದಿಂದ ಹೇಳ್ತಾ ಇದ್ದೇನೆ, ವಾಸನೆ ಬರ್ತದೆ ಅಂತ.”

“ಸುಮ್ಮನಿರಿ, ನೀವು ಹೇಳಿದ್ದು ವಾಸನೆ ಬಗ್ಗೆ. ಬಾಟಲಿ ಬಗ್ಗೆ ಅಲ್ಲ” ಎಂದು ಅವರ ಮೇಲೂ ಒಮ್ಮೆ ಹರಿಹಾಯ್ದೆ. ಅಷ್ಟಾದರೂ ಬೇಡವೇ?

ಮತ್ತೆ ಕೆಳಮನೆಗೆ ಇಳಿದೆ. ಮಗ, ಸೊಸೆ, ಅಕ್ಕ ಎಲ್ಲ ಇದ್ದರು. ಬಾವಿಯನ್ನು ಕೆಡಿಸಿದ್ದು ಮುಖ್ಯವಾಗಿ ನಾನು, ನನ್ನ ಮಲ್ಲಿಗೆ ಎಂದು ನಿಂತಲ್ಲಿಂದಲೇ ಹೇಳಿದೆ. ಹೇಳುವಾಗ ಆ ಮಗುವಿನ ಕೈಗೆ ಚುಚ್ಚಿದ್ದ ಸೂಜಿ ಕಣ್ಣ ಮುಂದೆ ಬಂತು. ಮಗ ಕೂತಲ್ಲಿಂದ ಎದ್ದ. ಬೈಯುತ್ತಾನೆ ಎಂದುಕೊಂಡೆ. ಬೈದಿದ್ದರೆ ಅದು ನ್ಯಾಯವೇ.

“ಪಿಕ್ಕಾಸು ಉಂಟಾ ನಿಮ್ಮಲ್ಲಿ?” ಎಂದು ಕೇಳಿದ.

ಆ ಭಾನುವಾರ ಅವನೂ ನನ್ನ ಗಂಡನೂ ಸೇರಿ ಹದಿನೆಂಟು ಗಿಡಗಳನ್ನೂ ಮಣ್ಣಿನ ಉಂಡೆ ಸಹಿತ ಕಿತ್ತು ಎದುರಿನ ಅಂಗಳದ ಸಮತಟ್ಟಿಗೆ ತಂದು ನೆಟ್ಟರು. ಪ್ರತಿಯೊಂದರ ಸುತ್ತ ಮಣ್ಣಿನ ಕಟ್ಟೆ. ಡ್ರಮ್ಮೂ ಅಲ್ಲಿಗೇ ಬಂತು. ತೊಳೆದ ನೀರು ಇನ್ನು ತೆಂಗಿನ ಬುಡಕ್ಕೆ. ಹಿಂಡಿ ನೀರು ಎಷ್ಟು ಬೇಕೋ ಅಷ್ಟೇ, ಮೇಲೆ ಒಂದು ಬುಟ್ಟಿ ಮಣ್ಣು. ಖಾಲಿಯಾದ ದಂಡೆಗೆ ಹೆಬ್ರಿಯ ಕಡೆಯಿಂದ ಲಾವಂಚದ ಬುಡಗಳನ್ನು ತರಿಸಿ ಒತ್ತೊತ್ತಾಗಿ ನೆಟ್ಟೆವು, ನೀರು ಸೋಸಿ ಇಳಿಯಲಿ ಎಂದು. ನಡುವೆ ನಾಲ್ಕು ಕೆಸುವನ್ನು ಅಕ್ಕ ತಾವೇ ತಂದು ಹಾಕಿದರು. ಎಲೆ ಪತ್ರೊಡೆ ಮಾಡ್ಲಿಕ್ಕೆ ಆಗ್ತದೆ ಎಂದರು. ಗಿಡ ಕಿತ್ತದ್ದು ನನಗೆ ನೋವಾಗಲಿಲ್ಲ ಎಂದರೆ ಸುಳ್ಳು. ಮೂರು ಸತ್ತೇ ಹೋದವು. ಬಾವಿಯ ನೀರನ್ನು ಎರಡು ದಿನ ಪಂಪು ಹಾಕಿ ಹೊರಗೆ ತೆಗೆದು, ಬ್ಲೀಚಿಂಗ್ ಪೌಡರು ಹಾಕಿ, ಅದೂ ಪೂರ್ತಿ ಹೋದ ಮೇಲೆ ಹೊಸ ಒರತೆ ತುಂಬಲು ಬಿಟ್ಟೆವು. ನಾನು ನನ್ನನ್ನು ಕ್ಷಮಿಸುವ ಮೊದಲೇ ತೋಡು ಕ್ಷಮಿಸಿತು. ಹತ್ತೇ ದಿನಗಳಲ್ಲಿ ಪಾಚಿ ಹರಿದು ಹೋಗಿ ಅಕ್ಕನ ಹಿತ್ತಲಲ್ಲೂ ಮರಳು ಕಂಡಿತು. ಒಂದು ಮಧ್ಯಾಹ್ನ ಮೊಮ್ಮಗಳು ಓಡಿ ಬಂದು, “ಮೀನು ಉಂಟು, ಮೀನು ಉಂಟು, ಇಷ್ಟಿಷ್ಟು ಚಿಕ್ಕದು!” ಎಂದು ನಮ್ಮನ್ನೆಲ್ಲ ಎಳೆದುಕೊಂಡು ಹೋದಳು. ನಾವು ಐದು ಜನ ದೊಡ್ಡವರು ಬಗ್ಗಿ ಬಗ್ಗಿ ಬೆರಳಿನ ಉಗುರಿನಷ್ಟು ಚಿಕ್ಕ ಮೀನುಗಳನ್ನು ನೋಡಿದೆವು.

ನೀರು ತುಂಬುವ ದಿನಕ್ಕೆ ಎರಡು ದಿನ ಮೊದಲು, ಸಂಜೆ ನಾಲ್ಕಕ್ಕೆ, ಮಗ ತಾನೇ ಬಾವಿಯಿಂದ ನೀರೆಳೆದು ತಾನೇ ಬಾಟಲಿ ತುಂಬಿಸಿದ. ನನ್ನನ್ನು ಹತ್ತಿರ ಬಿಡಲಿಲ್ಲ, “ನೀವು ಈ ಕೇಸಿನಲ್ಲಿ ಪಾರ್ಟಿ ಚಿಕ್ಕಮ್ಮ, ನಿಮಗೆ ಮುಟ್ಲಿಕ್ಕಿಲ್ಲ” ಎಂದು ನಕ್ಕ. ಆ ಎರಡು ದಿನ ನಾನು ಆ ಅಡಿಗೆಮನೆಗೆ ಎಷ್ಟು ನೆಪ ಹೇಳಿ ಹೋದೆನೋ. ಕೊತ್ತಂಬರಿ ಕೇಳಿದೆ, ಬೆಲ್ಲ ಕೇಳಿದೆ, ನಮ್ಮಲ್ಲೇ ಇದ್ದ ಜಾಯಿಕಾಯಿ ಕೇಳಿದೆ. ಅಕ್ಕ ಮಾತ್ರ ಆ ಮೂಲೆಯ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ನೋಡಿದರೆ ಕಪ್ಪಾದೀತು ಎಂಬಂತೆ ಬೆನ್ನು ಹಾಕಿಯೇ ಕೆಲಸ ಮಾಡುತ್ತಿದ್ದರು. ಆದರೂ ಬಾವಿಕಟ್ಟೆಯನ್ನು ತೊಳೆದಿದ್ದರು. ಹಂಡೆಯನ್ನೂ ಹುಣಸೆಹುಳಿ ಹಾಕಿ ಬೆಳಗಿಟ್ಟಿದ್ದರು, ಬಳ್ಳಿ ಸುತ್ತಿರಲಿಲ್ಲ.

ನೀರು ತುಂಬುವ ದಿನ ನಾಲ್ಕು ಗಂಟೆಗೆ ಮಗ ಬಾಟಲಿಯನ್ನು ಅಂಗಳಕ್ಕೆ ತಂದು ಬಿಸಿಲಿಗೆ ಹಿಡಿದ. ಅಲ್ಲಾಡಿಸಿದ. ತಿರುಗಿಸಿ ತಳ ನೋಡಿದ. ಚೌತಿಯ ಸಮಯದ ಹಳೆಯ ಕಪ್ಪು ಬಾಟಲಿಯನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದ. ನೀರಿಗೆ ಹೊಸ ಚಹಾಸೊಪ್ಪಿನ ತೆಳು ಬಣ್ಣವಿತ್ತು, ಅದು ಔಷಧಿಯದ್ದು. ಕಪ್ಪಿನ ಸುಳಿವಿರಲಿಲ್ಲ. ಮೊಮ್ಮಗಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವನು ಬಾಟಲಿಯನ್ನು ಬಾವಿಕಟ್ಟೆಯ ಮೇಲಿಟ್ಟು ತಾಯಿಯ ಕಡೆ ತಿರುಗಿದ.

“ಮೇಸ್ತ್ರಿಗೆ ಬರುದು ಬೇಡ ಅಂತ ಹೇಳ್ತೇನೆ ಅಮ್ಮ. ಬಳ್ಳಿ ಎಲ್ಲುಂಟು?”

ಅಕ್ಕ ಒಳಗೆ ಹೋದರು. ಬಳ್ಳಿ ತಂದರು, ಬೆಳಿಗ್ಗೆಯೇ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರಂತೆ. ಹಂಡೆಗೆ ಸುತ್ತಿದರು. ಕೊಡಕ್ಕೆ ಕುಂಕುಮ ಹಚ್ಚಿ ಹಗ್ಗ ಬಿಗಿದರು. ನಾನು ಬದಿಗೆ ಸರಿದು ನಿಂತೆ. ಆಗ ಅವರು ಹಗ್ಗವನ್ನು ನನ್ನ ಕಡೆಗೆ ಚಾಚಿದರು.

“ಎಳೆಯಿರಿ.”

“ನಾನಾ? ಬೇಡ ಅಕ್ಕ. ನಾನು ಕೆಡಿಸಿದ ಬಾವಿ ಇದು.”

“ಗೊತ್ತುಂಟು. ಅದಕ್ಕೇ ಹೇಳುದು, ಎಳೆಯಿರಿ.”

ಕೊಡ ಇಳಿಬಿಟ್ಟೆ. ಕಣ್ಣು ಮಂಜಾಗಿ ಹಗ್ಗ ಕೈಯಿಂದ ಜಾರಿ, ಕೊಡ ದೊಡ್ಡ ಸದ್ದು ಮಾಡಿ ನೀರಿಗೆ ಬಿತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿ ನಕ್ಕಳು, ಸೊಸೆ ನಕ್ಕಳು, ನಾನೂ ಅಳುತ್ತಳುತ್ತ ನಕ್ಕೆ. ಹಗ್ಗ ಮತ್ತೆ ಹಿಡಿದು ಮೊದಲ ಕೊಡ ಮೇಲೆ ತಂದೆ, ಎರಡನೆಯದು ತಂದೆ, ಮೂರನೆಯದಕ್ಕೆ ಉಸಿರು ಸಿಕ್ಕಿಕೊಂಡಿತು. ಅಕ್ಕ ಕೊಡ ಬಗ್ಗಿಸಿ ಹಂಡೆಗೆ ಹೊಯ್ಯುತ್ತಿದ್ದರು, ಖಾಲಿ ಕೊಡವನ್ನು ನನಗೆ ತಿರುಗಿ ಕೊಡುತ್ತಿದ್ದರು. ಹಂಡೆ ತುಂಬುವವರೆಗೂ ಅವರು ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ.